ಭೂತಮ್ಮ ದ್ವೀಪದಲ್ಲಿ ಆಡಿದ ಮಾತು

ತಿಪಟೂರಿನ ಕೊಬ್ಬರಿ ಮಂಡಿಗಳಲ್ಲಿ ಇಪ್ಪತ್ತೆರಡು ವರ್ಷ ಕಾಯಿ ಒಡೆದ ಭೂತಮ್ಮನಿಗೆ ಐವತ್ತು ತುಂಬುವ ಹೊತ್ತಿಗೆ ಬಲಗೈ ಮಣಿಕಟ್ಟು ಸೋತುಹೋಯಿತು. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿಯ ಚಿಪ್ಪಿಗೆ ಮಚ್ಚಿನಿಂದ ಹದವಾಗಿ ಏಟು ಹಾಕಿ, ಒಳಗಿನ ಕೊಬ್ಬರಿ ಗಿಟುಕು ಎಲ್ಲೂ ಸೀಳದಂತೆ ತೆಗೆಯುವ ಕೆಲಸ ಅದು. ಕೈ ನಡುಗಿದರೆ ಗಿಟುಕು ಹಾಳು. ಹಾಳಾಗತೊಡಗಿದ ಮೇಲೆ ಮಂಡಿಯವರು ಅವಳನ್ನು ಬೈಯಲಿಲ್ಲ. ಮಾಲೀಕ ಮೋಹನ್ ಕುಮಾರ್ ತನ್ನ ಮನೆಗೇ ಕರೆದುಕೊಂಡ. ಅವನ ತಾಯಿ ರಂಗಮ್ಮನಿಗೆ ಎಪ್ಪತ್ತೆಂಟು ವರ್ಷ. ಸ್ನಾನ, ಮಾತ್ರೆ, ಕಾಲು ಒತ್ತುವುದು, ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಸುವುದು, ಇಷ್ಟೇ ಭೂತಮ್ಮನ ಪಾಲಿನ ಕೆಲಸ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಮಂಚ, ಫ್ಯಾನು, ಎರಡು ಹೊತ್ತು ಊಟ.

"ನಿಮ್ ಹೊಟ್ಟೆ ತಣ್ಣಗಿರ್ಲಿ" ಎಂದಳು ಭೂತಮ್ಮ. ಅದು ಅವಳ ಬಾಯಲ್ಲಿ ಸದಾ ಇರುತ್ತಿದ್ದ ಮಾತು. ಬಸ್ಸಿನಲ್ಲಿ ಯಾರಾದರೂ ಸ್ವಲ್ಪ ಸರಿದು ಕೂತರೂ ಹೇಳುತ್ತಿದ್ದಳು.

ಅವಳ ತವರು ಶೆಟ್ಟಿಕೆರೆ. ಮೂವರು ಮಕ್ಕಳಲ್ಲಿ ಇವಳೇ ಹಿರಿಯಳು. ನಡುವಿನವನು ತಮ್ಮ ಗಂಗಾಧರ, ಕಡೆಯವಳು ತಂಗಿ ನಯನ. ಹದಿನೆಂಟಕ್ಕೆ ಮದುವೆಯಾಗಿ ತಿಪಟೂರಿಗೆ ಬಂದಳು. ಗಂಡ ಲಾರಿ ಓಡಿಸುತ್ತಿದ್ದ. ಮಕ್ಕಳಾಗಲಿಲ್ಲ, ಅವಳ ಮೂವತ್ತನಾಲ್ಕಕ್ಕೆ ಗಂಡನೂ ಹೋದ. ಆಮೇಲೆ ಅವಳಿಗೆ ಇದ್ದದ್ದು ತವರೊಂದೇ. ಅಪ್ಪ ಸಣ್ಣತಿಮ್ಮಯ್ಯ ತೀರಿಕೊಂಡು ವರ್ಷ ಕಳೆದಿರಲಿಲ್ಲ, ಗಂಗಾಧರ ಬಂದು, "ಅಕ್ಕಾ, ತೋಟದ್ದೊಂದು ಪತ್ರಕ್ಕೆ ನಿನ್ ಸೈನ್ ಬೇಕಾಗೈತೆ, ಚಿಕ್ಕನಾಯಕನಹಳ್ಳಿಗೆ ಬಾ" ಎಂದ. ಅದು ಹಕ್ಕು ಬಿಟ್ಟುಕೊಡುವ ಪತ್ರ ಎಂದು ಅವಳಿಗೆ ಗೊತ್ತಿತ್ತು. ಯಾರೂ ಮೋಸ ಮಾಡಲಿಲ್ಲ. ಓದಿ ಹೇಳಿದರು, ಕೇಳಿಸಿಕೊಂಡಳು, ಸಹಿ ಹಾಕಿದಳು. ನಯನ ಆಗ ಬಾಣಂತಿ. ಅವಳ ಸಹಿ ಆಮೇಲೆ ನೋಡಿಕೊಂಡರಾಯಿತು ಎಂದು ಬಿಟ್ಟರು. ಅಂದಿನಿಂದ ಪ್ರತಿ ಗೌರಿ ಹಬ್ಬಕ್ಕೂ ತಮ್ಮನಿಂದ ತವರಿನ ಉಡುಗೊರೆ ತಪ್ಪಲಿಲ್ಲ. ಒಂದು ಸೀರೆ, ಒಂದು ಚೀಲ ಕಾಯಿ. "ನನ್ ತಮ್ಮ ಚಿನ್ನ ಕಣ್ರೀ" ಎಂದು ಮಂಡಿಯ ಹೆಂಗಸರಿಗೆಲ್ಲ ಸೀರೆ ತೋರಿಸುತ್ತಿದ್ದಳು.

ಮೋಹನ್ ಕುಮಾರನ ಹೆಂಡತಿ ಧನ್ಯಶ್ರೀ ಕೆಟ್ಟವಳಲ್ಲ. ಊರಿನ ಅನುಕೂಲಸ್ಥ ಹೆಂಗಸರಿಗೆ ಯೋಗ ಹೇಳಿಕೊಡುತ್ತಿದ್ದಳು. ಬರಬರುತ್ತಾ ಯೋಗದ ಜೊತೆಗೆ ಮಾತೂ ಸೇರಿತು. ಇಲ್ಲದ್ದನ್ನು ಎಣಿಸಬೇಡಿ, ಇರುವುದಕ್ಕೆ ಥ್ಯಾಂಕ್ಸ್ ಹೇಳಿ, ಮನಸ್ಸಿನಲ್ಲಿ ಸಮೃದ್ಧಿ ಬಂದರೆ ಬದುಕಿಗೂ ಬರುತ್ತದೆ ಎಂದು ಫೋನಿನ ಮುಂದೆ ಕೂತು ಮಾತಾಡಿ ವಿಡಿಯೊ ಹಾಕುತ್ತಿದ್ದಳು. ನೋಡುವವರೂ ಸಾವಿರಗಟ್ಟಲೆ ಇದ್ದರು. ಹೋದ ವರ್ಷ ಜನವರಿಯಲ್ಲಿ ಹನ್ನೆರಡು ಮಂದಿ ಹೆಂಗಸರನ್ನು ಕಟ್ಟಿಕೊಂಡು ಅಂಡಮಾನಿಗೆ ಹೊರಟಳು. ಆ ಪ್ರವಾಸಕ್ಕೆ "ಕೃತಜ್ಞತಾ ಯಾನ" ಎಂದು ಹೆಸರಿಟ್ಟಳು. ರಂಗಮ್ಮ ಹಟ ಹಿಡಿದಳು, ಸಾಯೋದರೊಳಗೆ ಒಂದು ಸಲ ಸಮುದ್ರ ನೋಡಬೇಕು ಎಂದು. ರಂಗಮ್ಮ ಹೊರಟರೆ ಭೂತಮ್ಮನೂ ಹೊರಡಲೇಬೇಕು.

ವಿಮಾನ ಮೇಲೇಳುವಾಗ ರಂಗಮ್ಮ ಅವಳ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಸೋತ ಮಣಿಕಟ್ಟು ಚುರುಗುಟ್ಟಿತು. ಪೋರ್ಟ್ ಬ್ಲೇರಿನಲ್ಲಿಳಿದು ಒಂದು ದಿನ ಇದ್ದು, ಹಡಗು ಹತ್ತಿ ನೀಲ್ ದ್ವೀಪ ಸೇರಿದರು. ಹಡಗಿನಲ್ಲಿ ಹನ್ನೆರಡು ಮಂದಿಯಲ್ಲಿ ಒಂಬತ್ತು ಮಂದಿ ವಾಂತಿ ಮಾಡಿದರು. ಅವರ ಬೆನ್ನು ನೀವಿದ್ದೂ, ಕವರು ಹಿಡಿದದ್ದೂ ಭೂತಮ್ಮನೇ.

ದ್ವೀಪ ಸೇರಿದ ಮರುದಿನ ಬೆಳಗ್ಗೆ ರಂಗಮ್ಮ ಇನ್ನೂ ಎದ್ದಿರಲಿಲ್ಲ. ಭೂತಮ್ಮ ಒಬ್ಬಳೇ ಲಾಡ್ಜಿನ ಹಿಂದಿನ ದಾರಿ ಹಿಡಿದು ಕಡಲ ದಂಡೆಗೆ ಇಳಿದಳು. ನೀರು ಬಲು ದೂರಕ್ಕೆ ಸರಿದಿತ್ತು. ಆದರೆ ಅವಳು ನೋಡಿದ್ದು ನೀರನ್ನಲ್ಲ. ಮರಳಿನ ಉದ್ದಕ್ಕೂ ತೆಂಗಿನಕಾಯಿಗಳು ಬಿದ್ದಿದ್ದವು. ಕೆಲವು ಒಣಗಿದ್ದವು, ಕೆಲವು ಎರಡೆಲೆ ಬಿಟ್ಟು ಮೊಳಕೆ ಒಡೆದಿದ್ದವು. ಕಣ್ಣು ಹಾಯುವಷ್ಟು ದೂರ ಕಾಯಿ, ಒಬ್ಬರೂ ಆಯುವವರಿಲ್ಲ. ಅವಳ ಊರಲ್ಲಿ ಒಂದು ಕಾಯಿ ಬೇಲಿಯಾಚೆ ಉರುಳಿ ಬಿದ್ದರೆ ಎರಡು ಮನೆ ಮಾತು ಬಿಡುತ್ತವೆ. ಬಿದ್ದ ಕಾಯಿ ಬಿದ್ದಲ್ಲೇ ಕೊಳೆಯುವುದನ್ನು ಅವಳು ಈ ಜನ್ಮದಲ್ಲಿ ಕಂಡಿರಲಿಲ್ಲ.

ಸ್ವಲ್ಪ ದೂರದಲ್ಲಿ ಬಂಗಾಳಿ ಹೆಂಗಸೊಬ್ಬಳು ಎಳನೀರು ಜೋಡಿಸುತ್ತಿದ್ದಳು. ಭೂತಮ್ಮ ಒಂದು ಕಾಯಿ ಎತ್ತಿ ಹಿಡಿದು, "ಯಾರ್ದವ್ವ ಇದು?" ಎಂದು ಕನ್ನಡದಲ್ಲೇ ಕೇಳಿದಳು. ಹೆಂಗಸಿಗೆ ಕೇಳಿದ್ದು ಅರ್ಥವಾಯಿತೇನೋ, ಎರಡೂ ಕೈಯನ್ನು ಕಡಲಿನ ಕಡೆಗೆ ಚಾಚಿ ನಕ್ಕುಬಿಟ್ಟಳು. ಆಮೇಲೆ ಮಚ್ಚು ತೆಗೆದು ಮೊಳಕೆಯ ಕಾಯೊಂದನ್ನು ಸೀಳಿಕೊಟ್ಟಳು. ಒಳಗೆ ಬಿಳಿ ಗಡ್ಡೆ, ಹತ್ತಿಯಂತೆ ಮೆತ್ತಗೆ ತುಂಬಿಕೊಂಡಿತ್ತು.

ಭೂತಮ್ಮನಿಗೆ ಅದರ ರುಚಿ ಸರಿಯಾಗಿ ಗೊತ್ತಿರಲಿಲ್ಲ. ಚಿಕ್ಕವಳಿದ್ದಾಗ ಇಂಥ ಕಾಯಿ ಸಿಕ್ಕರೆ ಅವ್ವ "ಗಂಡ್ ಹುಡ್ಗ ತಿನ್ಲಿ ಬುಡು" ಎಂದು ಗಂಗಾಧರನ ಕೈಗೇ ಕೊಡುತ್ತಿದ್ದಳು. ಅವನು ತಿಂದು ಮುಗಿಸಿದ ಚಿಪ್ಪನ್ನು ಅಕ್ಕತಂಗಿಯರು ಬೆರಳಲ್ಲಿ ಕೆರೆದದ್ದುಂಟು. ಈಗ ಇಡೀ ಗಡ್ಡೆ ಅವಳ ಅಂಗೈಯಲ್ಲಿತ್ತು. ನಿಂತಲ್ಲೇ ತಿಂದಳು. ಇನ್ನೊಂದನ್ನು ತಾನೇ ಆಯ್ದು, ಅದೇ ಮಚ್ಚಿನಿಂದ ತಾನೇ ಸೀಳಿ, ಮರಳಿನ ಮೇಲೆ ಕಾಲು ಚಾಚಿ ಕೂತು ತಿಂದಳು. ಸಿಹಿನೀರು ಗಲ್ಲದಿಂದ ಇಳಿದು ಸೆರಗು ಒದ್ದೆಯಾಯಿತು. ಹೊಟ್ಟೆ ತುಂಬಿತು. ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಕೊಟ್ಟವರ ಮುಖ ನೋಡಬೇಕಾಗಿರಲಿಲ್ಲ. ಒಂದು ಮಾತೂ ಆಡದೆ ಅಷ್ಟು ಹೊತ್ತು ಸುಮ್ಮನೆ ಕೂತದ್ದು ಅವಳ ಬದುಕಿನಲ್ಲೇ ಮೊದಲು.

ಅವತ್ತು ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಧನ್ಯಶ್ರೀ ಎಲ್ಲರನ್ನೂ ದಂಡೆಯ ಮೇಲೆ ಸುತ್ತ ಕೂರಿಸಿದಳು. ಫೋನನ್ನು ಕೋಲಿಗೆ ಸಿಕ್ಕಿಸಿ ನಿಲ್ಲಿಸಿದ್ದಳು. ಒಬ್ಬೊಬ್ಬರೂ ತಮಗೆ ಸಿಕ್ಕಿರುವುದಕ್ಕೆ ಥ್ಯಾಂಕ್ಸ್ ಹೇಳಬೇಕು. ಡಾಕ್ಟರೊಬ್ಬರ ಹೆಂಡತಿ ಗಂಡನಿಗೆ ಹೇಳಿದಳು, ಲೆಕ್ಚರರೊಬ್ಬಳು ಆರೋಗ್ಯಕ್ಕೆ ಹೇಳಿದಳು. ಒಬ್ಬಳು ಅತ್ತಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಕುರ್ಚಿಯಲ್ಲಿ ಕೂತ ರಂಗಮ್ಮನ ಕಾಲ ಬುಡದಲ್ಲಿ ಭೂತಮ್ಮ ಇದ್ದಳು.

"ಭೂತಮ್ಮ, ನೀವೂ ಹೇಳಿ. ನಿಮ್ಮಂಥವ್ರು ಹೇಳಿದ್ರೆ ಜನರ ಮನಸ್ಸು ಮುಟ್ಟತ್ತೆ" ಎಂದಳು ಧನ್ಯಶ್ರೀ.

ಭೂತಮ್ಮ ಸೆರಗು ಸರಿಪಡಿಸಿಕೊಂಡಳು. "ನಮ್ ಅಮ್ಮಾವ್ರು ಇಷ್ಟ್ ದೂರ ಕರ್ಕೊಂಡ್ ಬಂದ್ರು, ಅವರ್ ಹೊಟ್ಟೆ ತಣ್ಣಗಿರ್ಲಿ. ನಮ್ಮಪ್ಪ ಹೋದ್ ಮ್ಯಾಲೆ ತೋಟನೆಲ್ಲ ತಮ್ಮಂಗೇ ಬುಟ್ಕೊಟ್ಟೆ. ವರ್ಸ ವರ್ಸ ಗೌರಿ ಹಬ್ಬಕ್ಕೆ ಸೀರೆ ಕಳಿಸ್ತಾನೆ. ನನ್ ತಮ್ಮ ನಂಗೇನೂ ಕಮ್ಮಿ ಮಾಡಿಲ್ಲ ಅಂತ ಊರ್ಗೆಲ್ಲ ಹೇಳ್ಕೊಂಡ್ ಬಂದಿದೀನಿ." ಒಂದು ಗಳಿಗೆ ನಿಲ್ಲಿಸಿದಳು. "ಅದು ಸುಳ್ಳು ಕಣವ್ವ. ನಾನು ಧಾರಾಳವಾಗಿ ಕೊಟ್ಟೆ ಅನ್ಕೊಂಡಿದ್ದೆ. ಇವತ್ ಬೆಳಗ್ಗೆ ಇಲ್ಲಿ ಕಾಯಿ ಬಿದ್ದಿರೋದ್ ನೋಡ್ತಾ ಗೊತ್ತಾಯ್ತು, ನಾನ್ ಹೆದರ್ಕೊಂಡ್ ಕೊಟ್ಟೆ. ಕೇಳಿದ್ರೆ ತವರಿನ್ ಬಾಗ್ಲು ಮುಚ್ತದೆ ಅಂತ ಹೆದರ್ಕೊಂಡ್ ಕೊಟ್ಟೆ. ಹೆದರ್ಕೊಂಡೇ ಎಲ್ಲರ್ಗೂ ಹೊಟ್ಟೆ ತಣ್ಣಗಿರ್ಲಿ ಅಂತೀನಿ. ಆ ತೋಟದಾಗೆ ನಂದೂ ಪಾಲಿತ್ತು. ನನ್ ತಂಗೀದೂ ಐತೆ."

ರಂಗಮ್ಮ ಬಗ್ಗಿ ಅವಳ ತಲೆ ಸವರಿದಳು. "ಸರಿಯಾಗ್ ಹೇಳ್ದೆ ಕಣೇ ಭೂತಿ, ನಂದೂ ಅಂಗೇ ಹೋಯ್ತು" ಎಂದಳು ಮೆಲ್ಲಗೆ. ಧನ್ಯಶ್ರೀ ಮುಂದಿನವಳ ಕಡೆ ತಿರುಗಿದಳು.

ಊರಿಗೆ ಬಂದ ತಿಂಗಳಿಗೆ ನಯನ ಫೋನು ಮಾಡಿದಳು. ಗಂಗಾಧರ ರಸ್ತೆ ಪಕ್ಕದ ತೋಟ ಮಾರಲು ಹೊರಟಿದ್ದ, ನಯನಳ ಸಹಿ ಬೇಕಾಗಿತ್ತು. ಅವಳು ಒಪ್ಪಿರಲಿಲ್ಲ. ಭಾನುವಾರ ಶೆಟ್ಟಿಕೆರೆಯಲ್ಲಿ ಹಿರಿಯರು ಕೂರುತ್ತಾರೆ, ನೀನು ಬಾ ಅಕ್ಕ ಎಂದಳು. "ಬತ್ತೀನಿ. ನಾನೇ ಹೇಳ್ತೀನಿ ಬುಡು" ಎಂದಳು ಭೂತಮ್ಮ. ದ್ವೀಪದಲ್ಲಿ ಹೇಳಿದ್ದನ್ನೇ ಇಲ್ಲೂ ಹೇಳಿದರಾಯಿತು ಎಂಬ ಧೈರ್ಯ ಅವಳಿಗಿತ್ತು.

ಹುಚ್ಚರಂಗಯ್ಯ ಎಂಬ ಹಿರಿಯರ ಮನೆಯ ಜಗಲಿಯಲ್ಲಿ ಎಲ್ಲರೂ ಸೇರಿದರು. ನಯನ ದಬ್ಬೇಘಟ್ಟದಿಂದ ಒಬ್ಬಳೇ ಬಂದಿದ್ದಳು. ಅವಳ ಮಾತು ಮುಗಿಯುವ ಮೊದಲೇ ಗಂಗಾಧರ ಫೋನು ತೆಗೆದ.

"ನಾನ್ಯಾಕೆ ಹೇಳ್ಲಿ? ದೊಡ್ಡೋಳೇ ಹೇಳಿದಾಳೆ, ಕೇಳ್ರಪ್ಪ."

ಫೋನಿನಲ್ಲಿ ಕಡಲು ಕಂಡಿತು. ಕೆಂಪು ಬೆಳಕಿನಲ್ಲಿ ಭೂತಮ್ಮನ ಮುಖ, ಹಿಂದೆ ಕೊಳಲಿನ ಸಂಗೀತ. ತೋಟನೆಲ್ಲ ತಮ್ಮಂಗೇ ಬುಟ್ಕೊಟ್ಟೆ. ವರ್ಸ ವರ್ಸ ಗೌರಿ ಹಬ್ಬಕ್ಕೆ ಸೀರೆ ಕಳಿಸ್ತಾನೆ. ನನ್ ತಮ್ಮ ನಂಗೇನೂ ಕಮ್ಮಿ ಮಾಡಿಲ್ಲ. ಅಲ್ಲಿಗೆ ಮಾತು ಕಡಿದು, ಕೈಮುಗಿದ ಧನ್ಯಶ್ರೀ ಬಂದಳು. ಏನೂ ಇಲ್ಲದ ಈ ತಾಯಿಯ ಸಮೃದ್ಧಿ ನೋಡಿ ಎಂದಳು.

ಭೂತಮ್ಮ ಎದ್ದು ನಿಂತಳು. "ಅದು ಅರ್ಧ ಕಣ್ರಪ್ಪ. 'ಅಂತ ಊರ್ಗೆಲ್ಲ ಹೇಳ್ಕೊಂಡ್ ಬಂದಿದೀನಿ, ಅದು ಸುಳ್ಳು' ಅಂದಿದ್ದೆ ನಾನು. ಮಿಕ್ಕಿದ್ದನ್ನ ಕತ್ತರಿಸವ್ರೆ."

"ಬಾಯಿ ನಿಂದೇ ತಾನೇನವ್ವ?" ಎಂದರು ಹುಚ್ಚರಂಗಯ್ಯ. "ದನಿ ನಿಂದೇ ತಾನೆ? ಯಾರಾದ್ರೂ ಬಲವಂತ ಮಾಡಿದ್ರಾ?"

"ಇಲ್ಲ."

"ಮತ್ತೆ? ಗಂಡ ಇಲ್ಲ, ಮಕ್ಳಿಲ್ಲ, ನೀನೇ ಇಷ್ಟು ತೃಪ್ತಿಯಾಗಿದೀಯ. ಮನೆ ಮಠ ಇರೋ ನಯನಂಗೆ ಯಾಕೆ ಆಸೆ?"

ನಯನ ಅಕ್ಕನ ಮುಖ ನೋಡಿದಳು. ಆಮೇಲೆ ಅಣ್ಣನ ಕಡೆ ತಿರುಗಿ, "ಪತ್ರ ತಾ. ಹಾಕ್ತೀನಿ. ನಂಗೂ ಒಂದ್ ಸೀರೆ ಕೊಡು" ಎಂದಳು. ಅಲ್ಲೇ ಸಹಿ ಹಾಕಿ ಎದ್ದಳು. ಜಗಲಿ ಇಳಿಯುವಾಗ ಭೂತಮ್ಮ ಅವಳ ತೋಳು ಹಿಡಿದಳು. ನಯನ ಬಿಡಿಸಿಕೊಂಡಳು. "ನೀನು ದ್ವೀಪ ನೋಡಕ್ಕೋಗಿ ನನ್ ಪಾಲು ಮಾರ್ಕೊಂಡ್ ಬಂದೆ ಕಣಕ್ಕ."

ಭೂತಮ್ಮ ಸಂಜೆಯ ಬಸ್ಸಿಗೆ ತಿಪಟೂರಿಗೆ ಬಂದು, ಚಪ್ಪಲಿ ಬಿಡುವ ಮೊದಲೇ ಕೇಳಿದಳು. "ಅಮ್ಮಾವ್ರೇ, ಅವತ್ತು ನಾನ್ ಮಾತಾಡಿದ್ದು ಪೂರ್ತಿ ಐತಾ ಫೋನಾಗೆ?"

"ಅದೆಲ್ಲ ಡಿಲೀಟ್ ಮಾಡ್ಬಿಟ್ಟೆ ಭೂತಮ್ಮ, ಜಾಗ ಇರ್ಲಿಲ್ಲ" ಎಂದಳು ಧನ್ಯಶ್ರೀ. ಶೆಟ್ಟಿಕೆರೆಯಲ್ಲಿ ನಡೆದದ್ದನ್ನು ಭೂತಮ್ಮ ಹೇಳಿದಾಗ ಅವಳ ಮುಖ ಪೆಚ್ಚಾದದ್ದು ನಿಜ. "ನಿಮ್ಗೆ ಒಳ್ಳೇದಾಗ್ಲಿ ಅಂತಾನೇ ಆ ಭಾಗ ತೆಗ್ದಿದ್ದು. ಕಹಿ ಹಿಡ್ಕೊಂಡ್ರೆ ನಿಮ್ಗೇ ಭಾರ ಅಲ್ವಾ?"

ಭೂತಮ್ಮ ರಂಗಮ್ಮನ ಕೋಣೆಗೆ ಹೋದಳು. "ದೊಡ್ಡಮ್ಮ, ನೀವ್ ಕೇಳಿಸ್ಕೊಂಡ್ರಲ್ಲ. ನನ್ ತಂಗಿಗೆ ಫೋನಾಗೆ ಒಂದ್ ಮಾತು ಹೇಳಿ ಸಾಕು."

ರಂಗಮ್ಮ ಬಾಗಿಲ ಕಡೆ ನೋಡಿದಳು. ಸೊಸೆ ಅಲ್ಲಿ ನಿಂತಿದ್ದಳು. "ಆ ಗಾಳೀಲಿ ನಂಗೇನ್ ಕೇಳಿಸ್ತೇ ಭೂತಿ" ಎಂದು ಮುದುಕಿ ಗೋಡೆ ಕಡೆಗೆ ಮಗ್ಗುಲಾದಳು.

ಬೆಳಗಾದ ಮೇಲೆ ಭೂತಮ್ಮ ರಂಗಮ್ಮನಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಮಾತ್ರೆ ನುಂಗಿಸಿ, ತನ್ನ ಚೀಲ ಹಿಡಿದು ಹೊರಟಳು. ಮುದುಕಿ ಅತ್ತಳು. ಧನ್ಯಶ್ರೀ ಎರಡು ಸಲ ತಡೆದಳು. ಭೂತಮ್ಮ ಯಾರಿಗೂ ಹೊಟ್ಟೆ ತಣ್ಣಗಿರಲಿ ಎನ್ನಲಿಲ್ಲ. ಕೆಟ್ಟದ್ದನ್ನೂ ಹೇಳಲಿಲ್ಲ.

ಈಗ ಅವಳು ತುರುವೇಕೆರೆಯ ಹಾಸ್ಟೆಲೊಂದರಲ್ಲಿ ತರಕಾರಿ ಹೆಚ್ಚುತ್ತಾಳೆ. ಎಡಗೈಗೆ ಕತ್ತಿ ಅಭ್ಯಾಸ ಮಾಡಿಕೊಂಡಿದ್ದಾಳೆ. ಹುಡುಗಿಯರು ಒಮ್ಮೆ ಆ ವಿಡಿಯೊ ಹುಡುಕಿ ತೆಗೆದು, "ಅಜ್ಜಿ, ಇದು ನೀವಾ?" ಎಂದು ಕೇಳಿದರು. ಲಕ್ಷ ಜನ ನೋಡಿದ್ದರಂತೆ. "ಹೂಂ, ಮುಖ ನಂದೇ" ಎಂದು ಹುರುಳಿಕಾಯಿಯ ನಾರು ತೆಗೆಯತೊಡಗಿದಳು.

ಆ ಮನೆ ಬಿಟ್ಟು ಎಂಟು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ದಬ್ಬೇಘಟ್ಟಕ್ಕೆ ಹೋದಳು. ನಯನ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಒಳಗೆ ಬಾ ಎನ್ನಲಿಲ್ಲ, ಜಗಲಿಗೆ ನೀರು ತಂದಿಟ್ಟಳು. ಭೂತಮ್ಮ ಅಲ್ಲೇ ಕೂತು ಅವತ್ತು ಆಡಿದ ಮಾತನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಬಂಗಾಳಿ ಹೆಂಗಸು, ಬಿಳಿ ಗಡ್ಡೆ, ಅವ್ವ ಅದನ್ನು ಗಂಗಾಧರನಿಗೇ ಕೊಡುತ್ತಿದ್ದದ್ದು, ಹೆದರಿಕೊಂಡು ಸಹಿ ಹಾಕಿದ್ದು, ಯಾವುದನ್ನೂ ಬಿಡಲಿಲ್ಲ. ನಯನ ಮೊರ ಕೆಳಗಿಟ್ಟು ಕೇಳಿದಳು. ಅಕ್ಕ ಸುಳ್ಳು ಹೇಳುತ್ತಿಲ್ಲವೆಂದು ಅವಳಿಗೆ ಗೊತ್ತಾಗಿತ್ತು, ಅದು ಮುಖದಲ್ಲಿ ಕಂಡಿತು.

"ನೀನ್ ಸೈನ್ ಹಾಕ್ದಾಗ ನಂಗೆ ಒಂದ್ ಮಾತು ಹೇಳಿದ್ರೆ ಇಬ್ರೂ ಸೇರ್ಕೊಂಡ್ ಕೇಳ್ತಿದ್ವಿ" ಎಂದಳು ಕೊನೆಗೆ. "ಅಷ್ಟ್ ವರ್ಸ ಸುಮ್ನಿದ್ದು, ಗೊತ್ತಿಲ್ದೋರ್ ಮುಂದೆ ಹೋಗಿ ಹೇಳ್ದೆ."

ನಯನ ಎದ್ದು ಹಸುವನ್ನು ನೆರಳಿಗೆ ಕಟ್ಟಲು ಹೋದಳು, ಬೇಗ ಬರಲಿಲ್ಲ. ಭೂತಮ್ಮ ನೀರು ಕುಡಿದು, ಚೊಂಬು ತೊಳೆದು ಬೋರಲು ಹಾಕಿ, ಮೂರೂವರೆಯ ಬಸ್ಸಿಗೆ ನಡೆದಳು.