ಮುದ್ದೆ ನುಂಗುವವರ ಹಲ್ಲುನೋವು

‘ಊಟ ಮಾಡುವಾಗ ನೋವಾಗ್ತದೇನ್ರಿ, ಅಮ್ಮಾ?’

‘ಇಲ್ಲ ಕಣವ್ವ.’

ಕೆನ್ನೆ ಬನ್ನಿನಂತೆ ಊದಿಸಿಕೊಂಡು ಕುಳಿತಿದ್ದ ನನ್ನ ಸೋದರತ್ತೆ ಪುಟ್ಟತಾಯಿ, ಕಳೆದ ಸೋಮವಾರ ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ಕೊಟ್ಟ ಉತ್ತರ ಇದು. ಅರಕೆರೆಯಿಂದ ಬಸ್ಸಿನುದ್ದಕ್ಕೂ ಕೆನ್ನೆ ಹಿಡಿದುಕೊಂಡೇ ಬಂದಿದ್ದಳು. ಬಲಗಡೆಯ ದವಡೆಹಲ್ಲುಗಳು ಆಗಲೇ ಹೋಗಿವೆ. ಎಡಗಡೆ ಉಳಿದಿರುವುದು ಒಂದೇ ಒಂದು. ಅದೂ ಹೋದರೆ ಅವಳ ಪ್ರಾಣವಾದ ಎಲೆಅಡಿಕೆಗೂ ಕೈಮುಗಿಯಬೇಕು.

ಬಾಗಿಲಲ್ಲಿ ನಿಂತಿದ್ದ ನಾನು ದಂಗಾದೆ. ಬಾಯಿ ಹಾಕುವಷ್ಟರಲ್ಲಿ ಡಾಕ್ಟರು ಊತಕ್ಕೆ ಮಾತ್ರೆ ಬರೆದು, ವಾರ ಬಿಟ್ಟು ಬನ್ನಿ ಎಂದಾಗಿತ್ತು. (ಅವರನ್ನೂ ದೂರುವಂತಿಲ್ಲ, ಹೊರಗೆ ಹನುಮಂತನ ಬಾಲದಂಥ ಸಾಲು.)

ಹೊರಬಂದರೆ ಸಿಸ್ಟರ್ ಒಂದು ಫಾರ್ಮ್ ಹಿಡಿದರು. ಚಿಕಿತ್ಸೆ ತೃಪ್ತಿ ತಂದಿದೆಯೇ? ಅಳುಮುಖ, ಸಪ್ಪೆಮುಖ, ನಗುಮುಖ. ಅತ್ತೆ ಹಿಂದೆಮುಂದೆ ನೋಡದೆ ನಗುಮುಖಕ್ಕೆ ಹೆಬ್ಬೆಟ್ಟು ಒತ್ತಿದಳು. ತುಂಬಿದ ಫಾರ್ಮುಗಳ ಟ್ರೇಯೊಳಗೆ ಇಣುಕಿದೆ. ಎಲ್ಲವೂ ನಗುಮುಖವೇ!

‘ಅತ್ತೆ, ನೋವು ಹೋಯ್ತಾ?’

‘ಎಲ್ಲೋಯ್ತದ್ಲಾ? ಟೀ ತಾಕುದ್ರೆ ಜೀವ ಓದಂಗಾಯ್ತದೆ.’

‘ಮತ್ತೆ ಒಳಗೆ ಇಲ್ಲ ಅಂದ್ಯಲ್ಲ?’

‘ಉಣ್ಣುವಾಗ ನೋಯ್ತದಾ ಅಂದ್ರು. ಮುದ್ದೆ ನುಂಗಕೆ ಅಲ್ಲು ಯಾಕ್ಲಾ ಬೇಕು?’

ತಗೊಳ್ಳಿ! ನಮ್ಮ ಕಡೆ ಮುದ್ದೆ ಅಗಿಯುವವನನ್ನು ಪಂಕ್ತಿಯಲ್ಲಿ ಎಲ್ಲರೂ ತಿರುಗಿ ನೋಡುತ್ತಾರೆ. ಡಾಕ್ಟರೋ ವಿಜಯಪುರದ ಕಡೆಯ ಹೆಣ್ಣುಮಗಳು, ಜೋಳದ ರೊಟ್ಟಿ ತಿಂದು ಬೆಳೆದವರು. ಅವರ ಪ್ರಶ್ನೆಯೂ ಸರಿ, ಅತ್ತೆಯ ಉತ್ತರವೂ ಸರಿ. ನಡುವೆ ಕೊಳೆಯುತ್ತಿದ್ದದ್ದು ಹಲ್ಲು.

‘ಟೀ ವಿಷಯ ನೀನೇ ಹೇಳಬಾರದಿತ್ತಾ?’

‘ಪಾಪ, ಆ ಎಣ್ಮಗ ಎಷ್ಟು ನಯವಾಗಿ ಮಾತಾಡುಸ್ತು. ಇನ್ನೂ ನೋಯ್ತದೆ ಅಂದ್ರೆ ಬೇಜಾರು ಮಾಡ್ಕಳಕ್ಕಿಲ್ವಾ?’

ಪಿತ್ತ ನೆತ್ತಿಗೇರಿತು. ಕೈಹಿಡಿದು ಎಳೆದುಕೊಂಡೇ ಮತ್ತೆ ಒಳಗೆ ನುಗ್ಗಿದೆ. ಸಾಲಿನಲ್ಲಿದ್ದವರು ‘ನಾವೇನ್ ಮನುಸ್ರಲ್ವಾ?’ ಎಂದು ಉಗಿದರು. ಉಗಿಸಿಕೊಂಡೆ. ಡಾಕ್ಟರಿಗೆ ಮುದ್ದೆಯ ಕಥೆ ಹೇಳಿದೆ.

‘ಅಯ್ಯ, ಅಗಿಯೋದೇ ಇಲ್ಲೇನ್ರಿ?’ ಎಂದವರ ಮುಖ ಚಿಕ್ಕದಾಯಿತು. ಅತ್ತೆಯನ್ನು ಮತ್ತೆ ಕುರ್ಚಿಯಲ್ಲಿ ಮಲಗಿಸಿ ಒಂದೊಂದೇ ಹಲ್ಲು ತಟ್ಟಿದರು. ಎಡಗಡೆಯ ಆ ಒಂಟಿ ದವಡೆಹಲ್ಲಿಗೆ ಬಂದಾಗ ಅತ್ತೆಯ ‘ಅಯ್ಯಪ್ಪೋ’ ಹೊರಗಿನ ಸಾಲನ್ನೂ ಸುಮ್ಮನಾಗಿಸಿತು. ಎಕ್ಸ್‌ರೇ ತೆಗೆದರೆ ಬೇರಿನಲ್ಲಿ ಕೀವು.

‘ಇನ್ನೊಂದು ವಾರ ಬಿಟ್ಟಿದ್ರ ಉಳೀತಿದ್ದಿಲ್ರಿ,’ ಎಂದು ಅವತ್ತೇ ಕೆಲಸ ಶುರು ಮಾಡಿದರು. ಹಲ್ಲು ಉಳಿಯಿತು.

ಧೈರ್ಯವಾಗಿ ಹೇಳುತ್ತೇನೆ, ಸರ್ಕಾರಿ ಆಸ್ಪತ್ರೆಯಲ್ಲಿ ಕುರ್ಚಿ ಇದೆ, ಎಕ್ಸ್‌ರೇ ಇದೆ, ತಪ್ಪು ತಿದ್ದಿಕೊಳ್ಳುವ ದೊಡ್ಡ ಮನಸ್ಸಿನ ಡಾಕ್ಟರೂ ಇದ್ದಾರೆ. ಇಲ್ಲದಿರುವುದು ನೋವನ್ನು ನೋವು ಎನ್ನುವ ನಮ್ಮ ಬಾಯಿ. ಡಾಕ್ಟರಿಗೆ ಬೇಜಾರಾದೀತೆಂದು ಹಲ್ಲು ಕಳೆದುಕೊಳ್ಳುವುದು ಯಾವ ಸೀಮೆ ಸೌಜನ್ಯ ಸ್ವಾಮಿ?

ಅತ್ತೆಗೇನೋ ಜಗಳಗಂಟ ಸೋದರಳಿಯ ಒಬ್ಬನಿದ್ದ. ನಗುಮುಖಕ್ಕೆ ಹೆಬ್ಬೆಟ್ಟೊತ್ತಿ, ಕೆನ್ನೆ ಹಿಡಿದುಕೊಂಡೇ ಬಸ್ಸು ಹತ್ತಿದ ಉಳಿದವರಿಗೆ ಯಾರಿದ್ದಾರೆ?