ಈಡುಗಾಯಿಯ ಸದ್ದು

ಅಣ್ಣ ಸೈನ್ಯದಿಂದ ನಿವೃತ್ತನಾಗಿ ಬಸವನಗುಡಿಯ ಮನೆಗೆ ಬಂದ ಹೊಸದರಲ್ಲಿ ಇಬ್ಬರೂ ಗಣಪತಿ ಗುಡಿಗೆ ಹೋಗಿದ್ದೆವು. ಬಾಗಿಲಲ್ಲಿ ಯಾರೋ ಹರಕೆಯ ಈಡುಗಾಯಿಯನ್ನು ಕಲ್ಲಿಗೆ ಅಪ್ಪಳಿಸಿದರು. ಮರುಕ್ಷಣ ನಾನು ನೆಲದ ಮೇಲಿದ್ದೆ, ಅಣ್ಣ ನನ್ನ ಮೇಲಿದ್ದ. ಸುತ್ತಲಿದ್ದವರು ನಕ್ಕರು. ತರಚಿದ ಮೊಣಕೈಗಿಂತ ಆ ನಗುವೇ ಹೆಚ್ಚು ಉರಿದು, "ಒಂದು ತೆಂಗಿನಕಾಯಿಗೆ ಇಷ್ಟು ಹೆದರ್ತೀಯಾ?" ಎಂದು ಎಲ್ಲರೆದುರೇ ರೇಗಿದೆ. ಅವನು ನನ್ನ ಅಂಗಿಯ ಧೂಳು ಕೊಡವಿದ.

ಆಮೇಲೆ ಎಷ್ಟೋ ತಿಂಗಳು ಅವನು ಮನೆಯಿಂದ ಹೊರಗೇ ಬರಲಿಲ್ಲ. ಕೊನೆಗೆ ನಾನೇ ಮನೋವೈದ್ಯರ ಬಳಿ ಕರೆದುಕೊಂಡು ಹೋದೆ. ಔಷಧಿ ಬರೆದುಕೊಟ್ಟು ಅವರು ನನಗೆ ಹೇಳಿದರು: "ಬಾರ್ಡರಲ್ಲಿ ಕಂಡಿದ್ದು ಇವರ ಮೈಯಿಂದ ಇನ್ನೂ ಹೋಗಿಲ್ಲ. ದೊಡ್ಡ ಸದ್ದಾಗೋ ಮುಂಚೆ ಇವರಿಗೆ ಹೇಳ್ಬಿಡಿ." ಆ ಮಾತನ್ನು ಗುಡಿಯೆದುರು ಹೂ ಮಾರುವಾಕೆಗೂ ತಿಳಿಸಿದೆ.

ಈಗ ಪ್ರತಿ ಮಂಗಳವಾರ ಹೋಗುತ್ತೇವೆ. ಯಾರಾದರೂ ಕಾಯಿ ಎತ್ತಿದರೆ ಸಾಕು, ಆಕೆ ಹೂ ಕಟ್ಟುತ್ತಲೇ, "ಸಾರ್, ಕಾಯಿ ಒಡೀತಾರೆ!" ಎಂದು ಕೂಗುತ್ತಾಳೆ. ಅಣ್ಣ ಈಗ ನೆಲಕ್ಕೆ ಬೀಳುವುದಿಲ್ಲ. ಮೊದಲು ಒಂದು ಹೆಜ್ಜೆ ಸರಿದು, ಆ ಕಲ್ಲಿಗೂ ನನಗೂ ನಡುವೆ ನಿಂತು, ಆಮೇಲೆ ಉಸಿರು ಬಿಗಿಹಿಡಿಯುತ್ತಾನೆ.