ಅವ್ವ ಇಕ್ಕಳ ಹಿಡಿದ ಮುಂಗಾರು

ನಾಗಮಂಗಲ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ನಾನು ಸಮಾಜ ಪಾಠ ಮಾಡುತ್ತೇನೆ. ಹೊಯ್ಸಳರ ಕಾಲದ ಹಳ್ಳಿಗಳ ಪಾಠ ಬಂದಾಗ, ಆಗಿನ ರೈತರು ಕಣದಲ್ಲಿ ರಾಶಿಯಾದ ಮೇಲೆ ಕಮ್ಮಾರನಿಗೆ, ಬಡಗಿಗೆ, ಕುಂಬಾರನಿಗೆ ಅವರವರ ಪಾಲಿನ ಧಾನ್ಯ ಕೊಡುತ್ತಿದ್ದರು ಎಂದು ಹೇಳಿಕೊಡಬೇಕು. ಮಕ್ಕಳು ಅದನ್ನು ಎಂದೋ ಮುಗಿದುಹೋದ ಮಾತೆಂದು ಬರೆದುಕೊಳ್ಳುತ್ತಾರೆ. ಅಂಥ ಪಾಲಿನ ರಾಗಿ ತಿಂದೇ ನಾನು ಓದಿದ್ದು ಎಂದು ಅವರಿಗೆ ಇನ್ನೂ ಹೇಳಿಲ್ಲ. ಹೇಳಹೊರಟರೆ ಅವ್ವನ ನೆನಪಾಗಿ ಮುಂದಿನ ಪುಟ ತಿರುಗಿಸಿಬಿಡುತ್ತೇನೆ.

ನಮ್ಮೂರು ಗೋವಿಂದನಹಳ್ಳಿಯ ಪಕ್ಕದಲ್ಲಿ. ಅಪ್ಪ ಊರಿನ ಕಮ್ಮಾರ. ಅವ್ವ ಕುಲುಮೆಯಲ್ಲಿ ಬೆಂಕಿಗೆ ಗಾಳಿಯೂದುವ ತಿದಿ ಒತ್ತುತ್ತಿದ್ದಳು. ಕಾದ ಕಬ್ಬಿಣಕ್ಕೆ ಇಕ್ಕಳ ಹಿಡಿದು ಸುತ್ತಿಗೆಯಿಂದ ಬಡಿಯುವುದು ಮಾತ್ರ ಅಪ್ಪನ ಕೆಲಸ. ನಾನು ಬಿ.ಎಡ್ ಮುಗಿಸಿ ಮನೆಗೆ ಬಂದ ವರ್ಷ, ಮುಂಗಾರಿಗೆ ಮುಂಚೆ, ಅಪ್ಪ ಸೈಕಲ್ಲಿನಿಂದ ಬಿದ್ದು ಬಲಗೈ ಮುರಿದುಕೊಂಡರು. ಪಾಂಡವಪುರದಲ್ಲಿ ಕಟ್ಟು ಹಾಕಿಸಿಕೊಂಡು ಬಂದವರು ಜಗಲಿಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದರು. ಅತ್ತ ಮೊದಲ ಮಳೆ ಬಿತ್ತು. ಸವೆದ ನೇಗಿಲ ಗುಳಗಳು ಒಂದೊಂದಾಗಿ ಕುಲುಮೆಯ ಮುಂದೆ ಬಂದು ಕೂತವು.

ಎರಡು ದಿನ ಅವ್ವ ಅವನ್ನು ನೋಡಿಕೊಂಡೇ ಓಡಾಡಿದಳು. ಮೂರನೆಯ ದಿನ ಬೆಳಿಗ್ಗೆ ಸೆರಗು ಸಿಕ್ಕಿಸಿ, ಬಾ, ತಿದಿ ಒತ್ತು ಎಂದು ನನ್ನನ್ನು ಕರೆದಳು. ಇಕ್ಕಳ, ಸುತ್ತಿಗೆ ಅವಳೇ ತೆಗೆದುಕೊಂಡಳು. ಕೆರೆಯಾಚೆ ಹೊಲವಿದ್ದ ಒಬ್ಬ ಮುದುಕಪ್ಪ ಮೊದಲ ಗುಳ ಕೊಟ್ಟು, ಅವಳ ಸುತ್ತಿಗೆಯ ಜೊತೆಗೆ ತಾನೇ ದೊಡ್ಡ ಚಮ್ಮಟಿಗೆ ಎತ್ತಿ ಹೊಡೆದ. ಮಿಕ್ಕ ಗಂಡಸರು ದೂರ ನಿಂತು ಬೀಡಿ ಸೇದುತ್ತ ನೋಡಿದರು. ಮಧ್ಯಾಹ್ನದ ಹೊತ್ತಿಗೆ ಗುಳ ಮೊನೆಯಾಗಿ ಹೊಳೆಯಿತು. ಅವ್ವ ಅವತ್ತು ಮುದ್ದೆ ಕಟ್ಟುವಾಗ ತನ್ನಷ್ಟಕ್ಕೇ ನಗುತ್ತಿದ್ದಳು.

ಮರುದಿನ ಮುದುಕಪ್ಪ ಆ ಗುಳದ ಎರಡು ತುಂಡು ಹಿಡಿದುಕೊಂಡು ಬಂದ. ನಾಲ್ಕು ಸಾಲು ಉಳುವಷ್ಟರಲ್ಲಿ ಮುರಿದಿತ್ತು. ಅವ್ವ ತುಂಡುಗಳನ್ನು ಕೈಗೆ ತೆಗೆದುಕೊಂಡು ತಲೆ ಎತ್ತಲಿಲ್ಲ. ಅವನು ಬೈಯಲಿಲ್ಲ. ಮನೆಯಲ್ಲಿದ್ದ ಇನ್ನೊಂದು ಹಳೆಯ ಗುಳವನ್ನು ಅವಳ ಮುಂದಿಟ್ಟ.

"ಇನ್ನೊಂದ್ಸಲ ಮಾಡ್ಕೊಡವ್ವ. ಮಳೆ ಬಿದ್ದು ನೆಲ ಅದವಾಗೈತೆ, ನಾನು ಇನ್ನೆಲ್ಲಿಗೋಗ್ಲಿ?"

ಅವ್ವ ಮತ್ತೆ ಬೆಂಕಿ ಹೊತ್ತಿಸಿದಳು. ಬಡಿತ ಶುರುವಾಗಿ ಸ್ವಲ್ಪ ಹೊತ್ತಿಗೆ, ಅಷ್ಟು ದಿನ ಮಾತು ಬಿಟ್ಟಿದ್ದ ಅಪ್ಪ ಕಟ್ಟಿದ ಕೈ ಎದೆಗೊತ್ತಿಕೊಂಡು ಕುಲುಮೆಯ ಬಾಗಿಲಿಗೆ ಬಂದು ನಿಂತರು.

"ಕಬ್ಣ ತಣ್ಣಗಾದ್ ಮ್ಯಾಲೂ ಬಡೀತಿದ್ದೀಯ ಕಣೆ," ಅಂದರು. "ಸದ್ದು ಕೇಳು. ದೊಪ್ ದೊಪ್ ಅಂತಿರೋಗಂಟ ಬಡಿ. ಕಿಣ್ ಅಂತು ಅಂದ್ರೆ ನಿಲ್ಸ್‌ಬುಟ್ಟು ಬೆಂಕಿಗಿಕ್ಕು."

ಅವ್ವ ಪ್ರತಿ ಏಟಿಗೂ ಕಿವಿಗೊಟ್ಟು ಬಡಿಯತೊಡಗಿದಳು. ಅಪ್ಪ ಅಲ್ಲೇ ಒಂದು ಕೊರಡಿನ ಮೇಲೆ ಕೂತು ಸಂಜೆಯವರೆಗೂ ಎದ್ದು ಹೋಗಲಿಲ್ಲ. ಮುದುಕಪ್ಪನ ಹೊಲ ಪೂರ್ತಿ ಉಳುವವರೆಗೂ ಆ ಗುಳ ಬಾಳಿತು. ಆಮೇಲೆ ಬೀಡಿ ಸೇದುತ್ತಿದ್ದವರೂ ಸಾಲಾಗಿ ಬಂದರು. ಆ ಮುಂಗಾರಿನಲ್ಲಿ ನಮ್ಮೂರು ಉತ್ತಿದ್ದೆಲ್ಲ ಅವ್ವನ ಕೈಯ ಗುಳದಲ್ಲಿ. ತಿದಿ ಒತ್ತಿ ಒತ್ತಿ ನನ್ನ ಅಂಗೈಗೆ ಬೊಬ್ಬೆ ಬಂದಿತ್ತು. ಅಷ್ಟು ಖುಷಿಯಾಗಿ ನಾನು ಆಮೇಲೆ ಎಂದೂ ದುಡಿದಿಲ್ಲ.

ಸುಗ್ಗಿಯಲ್ಲಿ ಕಣಕ್ಕೆ ಕರೆ ಬಂದಾಗ ವಾಡಿಕೆಯಂತೆ ಅಪ್ಪ ಹೋದರು, ಹಿಂದೆ ನಾವಿಬ್ಬರೂ ಹೋದೆವು. ಮುದುಕಪ್ಪ ಮೊರದಲ್ಲಿ ರಾಗಿ ತುಂಬಿ, ಅಪ್ಪನನ್ನು ದಾಟಿ ಬಂದು, ಅವ್ವನ ಮಡಿಲಿಗೆ ಸುರಿದ. ಅಪ್ಪ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಅವ್ವ ಸೆರಗು ಹಿಡಿದು ನಿಂತೇ ಇದ್ದಳು, ರಾಗಿ ತುಂಬಿ ಕಾಲ ಮೇಲೆ ಚೆಲ್ಲುವವರೆಗೂ.

ಅಷ್ಟರಲ್ಲಿ ಅಪ್ಪನ ಕೈ ಕೂಡಿಕೊಂಡಿತ್ತು. ಅವ್ವ ಇಕ್ಕಳ ಅವರ ಕೈಗೆ ಕೊಟ್ಟು ಮತ್ತೆ ತಿದಿಯ ಹತ್ತಿರ ಹೋಗಿ ಕೂತಳು. ನನಗೆ ಕೆಲಸ ಸಿಕ್ಕಿತು, ಊರು ಬಿಟ್ಟೆ. ಕೆಲವೇ ವರ್ಷಗಳಲ್ಲಿ ಟ್ರಾಕ್ಟರುಗಳು ಬಂದವು, ಕುಲುಮೆ ಆರಿತು. ಮೊದಲು ಅಪ್ಪ, ಆಮೇಲೆ ಅವ್ವ ತೀರಿಹೋದರು. ಮತ್ತೊಮ್ಮೆ ಇಕ್ಕಳ ಹಿಡಿಯಬೇಕು ಅಂತ ನಿನಗೆ ಅನಿಸಿತ್ತೇನವ್ವ ಎಂದು ನಾನು ಅವಳನ್ನು ಕೇಳಲೇ ಇಲ್ಲ. ರಜಕ್ಕೆ ಹೋದಾಗ ಅವಳು ನನ್ನ ಸ್ಕೂಲಿನ ವಿಷಯವನ್ನೇ ಕೇಳುತ್ತಿದ್ದಳು, ನಾನೂ ಅದನ್ನೇ ಹೇಳುತ್ತಿದ್ದೆ.